ಉಜ್ಜುವ ಮೊದಲು ಓದಿ

(ಹಳೆಯ ಟೆಲಿಫೋನ್ ಕಂಪನಿಗಳ ಸಲಕರಣೆ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ವಸ್ತುಗಳನ್ನು ಮೇಜಿನ ಮೇಲಿಟ್ಟು ತೋರಿಸಿದ್ದೆ. ಇಲ್ಲಿ ಮಾತಲ್ಲೇ ತೋರಿಸಬೇಕು, ಹಾಗಾಗಿ ಕೆಲವು ಕಡೆ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಈ ತುದಿಯಲ್ಲಿರುವ ಇಕ್ಕಳ ನೋಡಿ. ಫಳಫಳ ಅಂತ ಹೊಳೀತಿದೆ ಅಲ್ವಾ? ಅದು ಹಾಗಿರಬಾರದಿತ್ತು. ನಾನು ಸಂಗ್ರಹ ಶುರು ಮಾಡಿದ ಹೊಸತರಲ್ಲಿ ಸಿಕ್ಕಿದ್ದು. ಮೈತುಂಬ ತುಕ್ಕು. ತಂದ ದಿನವೇ ಡ್ರಿಲ್‌ಗೆ ವೈರ್ ಬ್ರಷ್ ಹಾಕಿ ಉಜ್ಜಿದೆ. ತುಕ್ಕು ಹೋಯಿತು, ಅದರ ಜೊತೆ ಹಿಡಿಯ ಪಕ್ಕದಲ್ಲಿ ಒತ್ತಿದ್ದ ಅಕ್ಷರಗಳೂ ಹೋದವು. ಈಗ ಓರೆ ಬೆಳಕಿಗೆ ಹಿಡಿದರೆ ‘ಸಿಸ್ಟಮ್’ ಅನ್ನುವುದರ ಅರ್ಧ ಕಾಣುತ್ತದೆ, ಅಷ್ಟೇ. ಯಾರು ಮಾಡಿದ್ದು, ಯಾವ ಕಾಲದ್ದು, ಯಾವುದನ್ನೂ ಇನ್ನು ಯಾರೂ ಹೇಳಲಾರರು.

ಆವತ್ತಿನಿಂದ ನನ್ನದು ಒಂದೇ ನಿಯಮ. ಮೊದಲು ಓದು, ಆಮೇಲೆ ಉಜ್ಜು. ಇವತ್ತು ನಾನು ಹೇಳುವುದೆಲ್ಲ ಹೇಗೆ ಓದಬೇಕು ಅನ್ನುವುದರ ಸುತ್ತಲೇ ಇರುತ್ತದೆ.

ನನ್ನ ಸಂಗ್ರಹದಲ್ಲಿ ಹೆಚ್ಚಿನದು ಅಮೆರಿಕದ ಟೆಲಿಫೋನ್ ಕಂಪನಿಗಳ ಒಕ್ಕೂಟವಾದ ಬೆಲ್ ಸಿಸ್ಟಮ್‌ನದು. ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿದ್ದು 1876ರ ಮಾರ್ಚ್ 7ರಂದು. 1881ರಲ್ಲಿ ಬೆಲ್ ಕಂಪನಿಯವರು ವಿದ್ಯುತ್ ಸಲಕರಣೆ ಮಾಡುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಅನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ಅಲ್ಲಿಂದ ಸುಮಾರು ನೂರು ವರ್ಷ ಫೋನು, ಕೇಬಲ್, ಎಕ್ಸ್‌ಚೇಂಜು ಎಲ್ಲ ಒಂದೇ ಮನೆಯ ಅಡುಗೆ. ಮನೆಯಲ್ಲಿದ್ದ ಫೋನ್ ಕೂಡ ಗ್ರಾಹಕರದಲ್ಲ, ಬಾಡಿಗೆಯದು. ಸಲಕರಣೆಯೂ ಹಾಗೇ. ಲೈನ್‌ಮನ್ ಸೊಂಟದಲ್ಲಿದ್ದ ಇಕ್ಕಳ ಕಂಪನಿಯದು, ಕೆಲಸ ಬಿಟ್ಟಾಗ ವಾಪಸ್ ಕೊಡಬೇಕು. ಹಳೆಯದಾದ ಸಾಮಾನು ಗುಜರಿಗೆ, ಅಲ್ಲಿಂದ ಕುಲುಮೆಗೆ. ಸ್ಟೇಟನ್ ಐಲೆಂಡ್‌ನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್‌ನದೇ ಒಂದು ಕರಗಿಸುವ ಕಾರ್ಖಾನೆ ಇತ್ತು, ನಸಾವ್ ಸ್ಮೆಲ್ಟಿಂಗ್ ಅಂತ. ತಾಮ್ರ, ಸೀಸ ಎಲ್ಲ ಅಲ್ಲಿ ಕರಗಿ ಮತ್ತೆ ತಂತಿಯಾಗಿ, ಕೇಬಲ್ಲಾಗಿ ಬರುತ್ತಿತ್ತು. ಅಷ್ಟೆಲ್ಲ ತಪ್ಪಿಸಿಕೊಂಡು ಯಾರದೋ ಮನೆಯ ಡಬ್ಬಿಯಲ್ಲಿ ಉಳಿದದ್ದು ಈಗ ನಮ್ಮ ಕೈಗೆ ಸಿಗುತ್ತಿದೆ. ಅದಕ್ಕೇ ನಾನು ಒಂದೊಂದನ್ನೂ ಜೋಪಾನ ಮಾಡುತ್ತೇನೆ.

ಈಗ ಅಚ್ಚಿನ ವಿಷಯ. ‘ಬೆಲ್ ಸಿಸ್ಟಮ್’ ಅಂತ ಇದ್ದರೆ ಬೆಲ್ ಕಂಪನಿಯೇ ಮಾಡಿದ್ದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಇಕ್ಕಳ, ಸುತ್ತಿಗೆ, ಬೈರಿಗೆ ಎಲ್ಲ ಹೊರಗಿನ ಕಾರ್ಖಾನೆಗಳು ಮಾಡಿಕೊಟ್ಟವು. ಇಕ್ಕಳ ಅಂದರೆ ಕ್ಲೈನ್, ಯುಟಿಕಾ, ಕ್ರಾಯ್ಟರ್. ಹಾಗಾಗಿ ಒಂದೇ ವಸ್ತುವಿನ ಮೇಲೆ ಎರಡು ಹೆಸರು ಹುಡುಕಿ, ಒಂದು ಯಾರ ಆಸ್ತಿ ಅಂತ ಹೇಳುತ್ತದೆ, ಇನ್ನೊಂದು ಯಾರ ಕೈಕೆಲಸ ಅಂತ. ಕ್ಲೈನ್ ಕಂಪನಿ 1857ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು. ಅವರೇ ಹೇಳಿಕೊಳ್ಳುವ ಕಥೆ ಚೆನ್ನಾಗಿದೆ. ಟೆಲಿಗ್ರಾಫ್ ಕಂಪನಿಯ ಲೈನ್‌ಮನ್ ಒಬ್ಬ ಮುರಿದ ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಬಂದ, ಮಥಾಯಸ್ ಕ್ಲೈನ್ ಮುರಿದ ಅರ್ಧವನ್ನು ಹೊಸದಾಗಿ ಬಡಿದು ಕೂಡಿಸಿಕೊಟ್ಟ, ಸ್ವಲ್ಪ ದಿನಕ್ಕೆ ಇನ್ನರ್ಧವೂ ಮುರಿಯಿತು, ಅದನ್ನೂ ಮಾಡಿಕೊಟ್ಟ, ಅಲ್ಲಿಗೆ ಅದು ಪೂರ್ತಿ ಕ್ಲೈನ್ ಇಕ್ಕಳವಾಯಿತು ಅಂತ.

ಎರಡು ಹೆಸರು ಸಿಕ್ಕರೆ ಕಾಲ ತಾನಾಗಿ ಸಿಗುತ್ತದೆ. ಇಗೋ, ಈ ಬೈರಿಗೆ. ಮೇಲೆ ‘ಬೆಲ್ ಸಿಸ್ಟಮ್’, ಕೆಳಗೆ ‘ಯಾಂಕಿ 2101ಎ’, ಆಮೇಲೆ ನಾರ್ತ್ ಬ್ರದರ್ಸ್, ಫಿಲಡೆಲ್ಫಿಯಾ. ನಾರ್ತ್ ಬ್ರದರ್ಸ್ ಅನ್ನು ಸ್ಟ್ಯಾನ್ಲಿ ಕಂಪನಿ ಕೊಂಡದ್ದು 1946ರಲ್ಲಿ. ಅಂದರೆ ಇದೇ ಬೈರಿಗೆಯ ಮೇಲೆ ಸ್ಟ್ಯಾನ್ಲಿ ಹೆಸರೂ ಇದ್ದರೆ ಅದು 1946ರ ಈಚಿನದು. ಒಂದು ಸಾರಿ ಕೈಯಲ್ಲಿ ತಿರುಗಿಸಿ ನೋಡಿ. ರ್‍ಯಾಚೆಟ್ ಸದ್ದೇ ಬರುವುದಿಲ್ಲ ಅನ್ನುವಷ್ಟು ನುಣುಪು. ಗೋಡೆ ಮೂಲೆಯಲ್ಲಿ ಪೂರ್ತಿ ಸುತ್ತು ತಿರುಗಿಸಲು ಜಾಗ ಇಲ್ಲದಾಗ ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಆಡಿಸಿ ತೂತು ಕೊರೆಯುತ್ತಿದ್ದರು. ಇಷ್ಟು ವರ್ಷದ ಮೇಲೂ ಹೀಗೆ ತಿರುಗುತ್ತದೆ ಅಂದರೆ ಮಾಡಿದವರ ಕೈಗೆ ಮುಗಿಯಬೇಕು.

ಕಂಪನಿಗಳ ಹೆಸರೂ ಕಾಲ ಹೇಳುತ್ತದೆ. ಬೆಲ್ ಸಿಸ್ಟಮ್ ಒಳಗೆ ಊರೂರಿನ ಕಂಪನಿಗಳಿದ್ದವು, ಅವುಗಳ ಹೆಸರು ಆಗಾಗ ಬದಲಾಯಿತು. ಶಿಕಾಗೋ ಟೆಲಿಫೋನ್ ಕಂಪನಿ 1920ರಲ್ಲಿ ಇಲಿನಾಯ್ ಬೆಲ್ ಆಯಿತು. ಪೆಸಿಫಿಕ್ ನಾರ್ತ್‌ವೆಸ್ಟ್ ಬೆಲ್ ಅನ್ನುವ ಹೆಸರು 1961ಕ್ಕೆ ಮೊದಲು ಇರಲೇ ಇಲ್ಲ. ಸೌತ್ ಸೆಂಟ್ರಲ್ ಬೆಲ್ 1968ರದು. ಆಮೇಲೆ 1984ರ ಜನವರಿ 1ಕ್ಕೆ ಇಡೀ ಬೆಲ್ ಸಿಸ್ಟಮ್ ಒಡೆದು, ಊರೂರಿನ ಕಂಪನಿಗಳೆಲ್ಲ ಏಳು ದೊಡ್ಡ ಗುಂಪುಗಳಾದವು. ಹಾಗಾಗಿ ‘ಬೆಲ್ ಸಿಸ್ಟಮ್’ ಅಚ್ಚು ಇದ್ದರೆ ಅದಕ್ಕೆ ಹಿಂದಿನದು ಅಂತ ಲೆಕ್ಕ.

ಪೇಟೆಂಟ್ ನಂಬರ್ ಇದ್ದರಂತೂ ಸಲೀಸು. ಅಮೆರಿಕದ ಪೇಟೆಂಟ್ ಹತ್ತು ಲಕ್ಷ ಮುಟ್ಟಿದ್ದು 1911ರಲ್ಲಿ, ಇಪ್ಪತ್ತು ಲಕ್ಷ 1935ರಲ್ಲಿ, ಮೂವತ್ತು ಲಕ್ಷ 1961ರಲ್ಲಿ. ಈ ಮೂರು ವರ್ಷ ಬಾಯಿಪಾಠ ಇಟ್ಟುಕೊಳ್ಳಿ, ಸಂತೆಯಲ್ಲಿ ನಿಂತಲ್ಲೇ ಅಂದಾಜು ಮಾಡಬಹುದು. ಒಂದು ಎಚ್ಚರ. ಪೇಟೆಂಟ್ ವರ್ಷ ಅಂದರೆ ಅದಕ್ಕಿಂತ ಹಳೆಯದಲ್ಲ ಅಂತ ಮಾತ್ರ. ಅದೇ ಅಚ್ಚಿನಲ್ಲಿ ಇನ್ನೂ ಎಷ್ಟೋ ವರ್ಷ ಮಾಡಿರಬಹುದು. ಪೆಟ್ಟಿಗೆ, ಚೀಟಿ ಏನಾದರೂ ಜೊತೆಗಿದ್ದು ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ಈಚಿನದು. ಬೆಲ್ ಕಂಪನಿಯ ಗಂಟೆಯ ಗುರುತೂ ಹೀಗೇ. ಮೊದಲನೆಯದು 1889ರದು, ಒಳಗೆ ‘ಲಾಂಗ್ ಡಿಸ್ಟೆನ್ಸ್ ಟೆಲಿಫೋನ್’ ಅಂತ ಬರೆದಿತ್ತು. 1969ರಲ್ಲಿ ಸಾಲ್ ಬಾಸ್ ಬಿಡಿಸಿದ್ದರಲ್ಲಿ ಅಕ್ಷರವೇ ಇಲ್ಲ, ಬರೀ ವೃತ್ತದೊಳಗೊಂದು ಗಂಟೆ.

ಇಷ್ಟಾದರೂ ಅಚ್ಚು ಅರ್ಧ ಮಾತ್ರ ಹೇಳುತ್ತದೆ. ಇನ್ನರ್ಧ ಹೇಳುವುದು ಸವೆತ. ಈ ವಸ್ತು ಏನು ಕೆಲಸ ಮಾಡುತ್ತಿತ್ತು, ಕೈ ಎಲ್ಲಿ ಹಿಡಿದಿತ್ತು, ಎಲ್ಲಿ ಏಟು ಬಿದ್ದಿತ್ತು? ಅದು ಗೊತ್ತಾಗುವ ತನಕ ಗುರುತಿಸಿದ ಹಾಗೆ ಆಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ಮರದ ತುಂಡು ನೋಡಿ. ಇದರ ಮೇಲೆ ಅಚ್ಚೂ ಇಲ್ಲ, ಹೆಸರೂ ಇಲ್ಲ. ಗಟ್ಟಿ ಮರ, ಒಂದು ಮೈ ಚಪ್ಪಟೆ, ಒಂದು ಮೈ ಸ್ವಲ್ಪ ಗುಂಡಗೆ. ಅಡುಗೆಮನೆಯದೇನೋ ಅಂತ ಯಾರಾದರೂ ಪಕ್ಕಕ್ಕೆ ಎಸೆಯುವಂಥದ್ದು. ಚಪ್ಪಟೆ ಮೈಯನ್ನು ಹತ್ತಿರದಿಂದ ನೋಡಿ, ಬೂದು ಬಣ್ಣದ ಹೊಳಪು ಮರದ ಎಳೆಗಳೊಳಗೆ ಇಳಿದಿದೆ. ಅದು ಸೀಸ. ಇದು ಕೇಬಲ್ ಜೋಡಿಸುವವರ ಬಡಿಗೆ. ಅವರಿಗೆ ಸ್ಪ್ಲೈಸರ್ ಅನ್ನುತ್ತಿದ್ದರು.

ಆ ಕೆಲಸ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಹತ್ತಿರ ಇರುವುದರಲ್ಲಿ ನನಗೆ ತುಂಬ ಪ್ರೀತಿ ಇರುವುದು ಈ ಒಂದು ಚೀಲದ ಸಾಮಾನಿನ ಮೇಲೆ. ಪ್ಲಾಸ್ಟಿಕ್ ಹೊದಿಕೆ ಬರುವ ಮೊದಲು ಕೇಬಲ್‌ಗೆ ಸೀಸದ ಕೊಳವೆಯ ಹೊದಿಕೆ. ಒಳಗೆ ಕಾಗದ ಸುತ್ತಿದ ತಾಮ್ರದ ತಂತಿ, ಜೋಡಿ ಜೋಡಿ. ದೊಡ್ಡ ಕೇಬಲ್‌ನಲ್ಲಿ 2,121 ಜೋಡಿ ಇರುತ್ತಿದ್ದವು. ಅಂದರೆ ಒಂದು ಕಡೆ ಕೂಡಿಸಬೇಕಾದರೆ ನಾಲ್ಕು ಸಾವಿರಕ್ಕೂ ಜಾಸ್ತಿ ತಂತಿ, ಒಂದೊಂದನ್ನೂ ಕೈಯಲ್ಲಿ ಹೊಸೆದು, ಒಂದೊಂದಕ್ಕೂ ಚಿಕ್ಕ ತೋಳು ಹಾಕಿ ಮುಚ್ಚಬೇಕು, ಅದೂ ನೆಲದಡಿಯ ಗುಂಡಿಯಲ್ಲಿ ಕೂತುಕೊಂಡು. ಕಾಗದಕ್ಕೆ ತೇವ ತಾಗಿದರೆ ಮುಗಿಯಿತು, ಲೈನು ಕೆಟ್ಟಿತು. ಅದಕ್ಕೆ ಕಾಯಿಸಿದ ಪ್ಯಾರಫಿನ್ ಮೇಣವನ್ನು ಜೋಡಣೆಯ ಮೇಲೆ ಸುರಿಯುತ್ತಿದ್ದರು. ತೇವ ಇದ್ದರೆ ಗುಳ್ಳೆ ಏಳುತ್ತದೆ. ಗುಳ್ಳೆ ನಿಲ್ಲುವ ತನಕ ಸುರಿಯಬೇಕು.

ಆಮೇಲೆ ದೊಡ್ಡ ಸೀಸದ ತೋಳನ್ನು ಜೋಡಣೆಯ ಮೇಲೆ ಎಳೆದು, ಅದರ ಎರಡು ತುದಿಗಳನ್ನು ಈ ಬಡಿಗೆಯಿಂದ ತಟ್ಟಿ ತಟ್ಟಿ ಕೇಬಲ್ ಮೈಗೆ ಕೂರಿಸುವುದು. ಕಬ್ಬಿಣದ ಸುತ್ತಿಗೆ ಹಾಕಿದರೆ ಸೀಸ ಹರಿದುಹೋಗುತ್ತದೆ, ಅದಕ್ಕೇ ಮರ. ಸೀಸದ ಮೈ ಕೆರೆದು, ಸ್ಟಿಯರಿನ್ ಮೇಣದ ಬತ್ತಿ ಸವರಿ, ಕರಗಿದ ಬೆಸುಗೆಯನ್ನು ಸೌಟಿನಿಂದ ಮೇಲಿಂದ ಹೊಯ್ಯುತ್ತಿದ್ದರು. ಕೆಳಗೆ ಇನ್ನೊಂದು ಕೈಯಲ್ಲಿ ಮಡಚಿದ ದಪ್ಪ ಬಟ್ಟೆ. ಬೀಳುವ ಬೆಸುಗೆಯನ್ನು ಆ ಬಟ್ಟೆಯಲ್ಲೇ ಹಿಡಿದು, ಅದು ಬೆಣ್ಣೆಯ ಹದಕ್ಕೆ ಬಂದಾಗ ಸುತ್ತಲೂ ಒರೆಸಿ ನುಣ್ಣಗೆ ಮಾಡುವುದು. ಹದ ದಾಟಿದರೆ ಗಟ್ಟಿ, ಹದಕ್ಕೆ ಮೊದಲು ನೀರು. ಬೆಸುಗೆಯಲ್ಲಿ ತವರ ನೂರಕ್ಕೆ ನಲವತ್ತರ ಆಸುಪಾಸು ಇರುತ್ತಿದ್ದದ್ದೂ ಈ ಹದ ಸ್ವಲ್ಪ ಹೊತ್ತು ನಿಲ್ಲಲಿ ಅಂತಲೇ.

ಈ ಬಟ್ಟೆ ಆ ಥರದ್ದು. ಪದರ ಪದರ ಮಡಚಿ ಹೊಲಿದಿದೆ, ನಡುವೆ ಕಂದು ಬಣ್ಣಕ್ಕೆ ಸುಟ್ಟಿದೆ, ಅಂಚಿನಲ್ಲಿ ಬೆಸುಗೆಯ ಸಣ್ಣ ಮಣಿಗಳು ಅಂಟಿವೆ. ನನಗೆ ಕೊಟ್ಟವರು ಚೀಲ ಒರೆಸಲು ಇಟ್ಟ ಚಿಂದಿ ಅಂದುಕೊಂಡಿದ್ದರು. ಚೀಲದ ಎಲ್ಲ ಕಬ್ಬಿಣಕ್ಕಿಂತ ಅಪರೂಪದ್ದು ಇದೇ. ಇಕ್ಕಳ ಉಳಿಯುತ್ತದೆ, ಬಟ್ಟೆ ಉಳಿಯುವುದಿಲ್ಲ. ಹಾಗಾಗಿ ಯಾರಾದರೂ ಹಳೆಯ ಚೀಲ ಕೊಟ್ಟರೆ ಒಳಗಿನ ಕಸವನ್ನು ಮೊದಲು ಕಾಗದದ ಮೇಲೆ ಸುರಿದು ನೋಡಿ. ಅಂಟು ಹಚ್ಚಿದ ಕಾಗದದ ಪಟ್ಟಿ, ಮೇಣದ ತುಂಡು, ಹತ್ತಿಯ ತೋಳು, ಇವೆಲ್ಲ ಈ ಕೆಲಸದ ಭಾಗಗಳು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಸೀಸದ ಪುಡಿ ಒಳ್ಳೆಯದಲ್ಲ. ಕೈಗವಸು ಏನಾದರೂ ಬಿಳಿ ನಾರಿನದಾಗಿದ್ದರೆ ಕಲ್ನಾರು ಇರಬಹುದು, ಅದನ್ನು ಕೊಡವಲೇಬೇಡಿ. ನಾನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇಟ್ಟಿದ್ದೇನೆ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಲೋಕ, ಎಕ್ಸ್‌ಚೇಂಜ್ ಒಳಗಿನದು. ಅಲ್ಲಿ ಎಲ್ಲ ಸಣ್ಣದು, ತೆಳ್ಳಗಿನದು. ಈ ಕೊಕ್ಕೆ ತುದಿಯ ಕಡ್ಡಿಗಳನ್ನು ನಾನು ಎಷ್ಟೋ ದಿನ ಹಲ್ಲಿನ ಡಾಕ್ಟರದು ಅಂದುಕೊಂಡು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೆ. ಇವು ರಿಲೇ (ಕರೆಂಟಿನಿಂದ ತಾನಾಗಿ ನಡೆಯುವ ಸ್ವಿಚ್) ಒಳಗಿನ ಸ್ಪ್ರಿಂಗ್ ಬಗ್ಗಿಸುವ ಕಡ್ಡಿಗಳು. ಒಂದು ಎಕ್ಸ್‌ಚೇಂಜಿನಲ್ಲಿ ಸಾವಿರಗಟ್ಟಲೆ ರಿಲೇ. ಒಂದೊಂದರಲ್ಲೂ ತೆಳು ಲೋಹದ ಪಟ್ಟಿಗಳು, ಅವುಗಳ ತುದಿ ಒಂದಕ್ಕೊಂದು ತಾಗಿದರೆ ಲೈನು ಕೂಡುತ್ತದೆ. ತಾಗುವ ಒತ್ತಡ ಗ್ರಾಂ ಲೆಕ್ಕದಲ್ಲಿ. ಅದನ್ನು ಅಳೆಯಲು ಈ ಗೇಜ್, ನಂಬರ್ 70ಡಿ. ನಡುವೆ 0, ಎರಡೂ ಕಡೆ 50 ಗ್ರಾಂ ತನಕ. ಅಳತೆಪಟ್ಟಿಯ ಎರಡೂ ಕಡೆ ಅಂಕಿ ಇರುವುದು ಯಾಕೆ ಅಂದರೆ ಸ್ಪ್ರಿಂಗನ್ನು ಯಾವ ಕಡೆಯಿಂದ ತಳ್ಳಬೇಕಾದರೂ ಅಳೆಯಬೇಕಲ್ಲ, ಅದಕ್ಕೆ.

ಈ ತೆಳು ಉಕ್ಕಿನ ಪಟ್ಟಿ ಬರ್ನಿಶರ್. ಕಣ್ಣಿಗೆ ನುಣುಪು, ಉಗುರಲ್ಲಿ ಎಳೆದರೆ ಮಾತ್ರ ತರಿ ಗೊತ್ತಾಗುತ್ತದೆ. ಇದನ್ನು ಎರಡು ತುದಿಗಳ ನಡುವೆ ತೂರಿಸಿ ಮೆಲ್ಲಗೆ ಎಳೆದರೆ ಕೊಳೆ ಹೋಗುತ್ತದೆ, ಲೋಹ ಹೋಗುವುದಿಲ್ಲ. ದಯವಿಟ್ಟು ಯಾರೂ ಹಳೆಯ ರಿಲೇಗೆ ಸ್ಯಾಂಡ್‌ಪೇಪರ್ ಹಾಕಬೇಡಿ. ಆ ತುದಿಗಳಲ್ಲಿ ಬೆಲೆಬಾಳುವ ಲೋಹದ ತೆಳು ಬಿಲ್ಲೆ ಇರುತ್ತದೆ, ಒಮ್ಮೆ ಹೋದರೆ ಹೋಯಿತು. 1965ರಲ್ಲಿ ನ್ಯೂಜೆರ್ಸಿಯ ಸಕಸನ್ನಾದಲ್ಲಿ ಬೆಲ್‌ನವರ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್, 1ಇಎಸ್‌ಎಸ್, ಶುರುವಾಯಿತು. ಅಲ್ಲಿಂದ ಈ ಕಡ್ಡಿಗಳಿಗೆ ನಿಧಾನಕ್ಕೆ ಕೆಲಸ ಇಲ್ಲದಾಯಿತು.

ಇಂಥ ಸಣ್ಣ ಸಾಮಾನಿನ ಮೇಲೆ ಜಾಗವೇ ಇರುವುದಿಲ್ಲ, ಬರೀ ನಂಬರ್ ಇರುತ್ತದೆ. ನಂಬರ್, ಆಮೇಲೊಂದು ಅಕ್ಷರ. ನಂಬರ್ ವಸ್ತುವಿನದು, ಅಕ್ಷರ ತಿದ್ದುಪಡಿಯದು. ಉದಾಹರಣೆಗೆ ಈ 216ಸಿ. ಕೆಲಸಗಾರರು ಕ್ಯಾನ್ ರೆಂಚ್ ಅನ್ನುತ್ತಿದ್ದರು. ಒಂದು ತುದಿಯಲ್ಲಿ ಇಂಚಿನ ಎಂಟರಲ್ಲಿ ಮೂರು ಭಾಗದ ನಟ್‌ಗೆ, ಇನ್ನೊಂದು ತುದಿಯಲ್ಲಿ ಹದಿನಾರರಲ್ಲಿ ಏಳು ಭಾಗದ ನಟ್‌ಗೆ ಕೂರುತ್ತದೆ. ರಸ್ತೆ ಪಕ್ಕದ ಟೆಲಿಫೋನ್ ಪೆಟ್ಟಿಗೆ ತೆಗೆಯಲು ಇದೇ ಬೀಗದ ಕೈ. ಇದಕ್ಕೆ ಮೊದಲು 216ಬಿ ಇತ್ತು. ಮರದ ಹಿಡಿಯ ಸಾಮಾನ್ಯ ನಟ್ ಸ್ಪ್ಯಾನರ್ ಜೊತೆ ಇದನ್ನು ಬೆರೆಸಿ ಮಾರುತ್ತಾರೆ, ನಂಬರ್ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಕೆಎಸ್ ಅಂತ ಶುರುವಾಗುವ ನಂಬರೂ ಸಿಗುತ್ತದೆ. ಅದು ನ್ಯೂಜೆರ್ಸಿಯ ಕಿಯರ್ನಿ ಕಾರ್ಖಾನೆಯ ಹೆಸರಿನದು. ಹೊರಗಿನವರು ಮಾಡಿಕೊಡುವ ಸಾಮಾನು ಹೀಗೇ ಇರಬೇಕು ಅಂತ ವೆಸ್ಟರ್ನ್ ಎಲೆಕ್ಟ್ರಿಕ್ ಬರೆದಿಟ್ಟ ನಿಬಂಧನೆ. ಒರೆಸುವ ಬಟ್ಟೆಗೂ ಕೆಎಸ್ ನಂಬರ್ ಇತ್ತು, ಶುಚಿ ಮಾಡುವ ದ್ರವಕ್ಕೂ ಇತ್ತು. ಇದನ್ನೆಲ್ಲ ಬಿಡಿಸಿ ಹೇಳುವ ಪುಸ್ತಿಕೆಗಳು ಬೆಲ್ ಸಿಸ್ಟಮ್ ಪ್ರಾಕ್ಟಿಸಸ್. ಒಂದೊಂದು ಕೆಲಸಕ್ಕೂ ಒಂದೊಂದು, ಮೂರು ಮೂರು ಅಂಕಿಯಾಗಿ ಒಂಬತ್ತಂಕಿಯ ನಂಬರ್, ಮೊದಲ ಪುಟದಲ್ಲಿ ತಿಂಗಳು ವರ್ಷ. ಇನ್ನೂ ಹಳೆಯವಾದರೆ ಅಕ್ಷರದಿಂದ ಶುರು. ಯಾವ ಸಲಕರಣೆ ಹಿಡಿದು ಯಾವ ಸ್ಕ್ರೂ ಎಷ್ಟು ತಿರುಗಿಸಬೇಕು ಅಂತ ಚಿತ್ರ ಸಮೇತ ಇರುತ್ತದೆ. ಸಂಗ್ರಾಹಕರು ಎಷ್ಟೋ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದಾರೆ. ನನಗೆ ಗುರುತು ಸಿಗದ ಅರ್ಧಕ್ಕರ್ಧ ಸಾಮಾನು ಈ ಚಿತ್ರಗಳಲ್ಲೇ ಸಿಕ್ಕಿದ್ದು. ವಸ್ತು ಕೊಳ್ಳುವ ಮೊದಲು ಪುಸ್ತಿಕೆ ಓದಿ ಅಂತ ಎಲ್ಲರಿಗೂ ಹೇಳುತ್ತೇನೆ.

ಟೆಸ್ಟ್ ಹ್ಯಾಂಡ್‌ಸೆಟ್ (ಲೈನು ಪರೀಕ್ಷಿಸಲು ಕೆಲಸಗಾರರು ಒಯ್ಯುತ್ತಿದ್ದ ಫೋನು) ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತಿರುವ ವಸ್ತು ಅದೊಂದೇ. ಬೆಲ್‌ನಲ್ಲಿ 1011 ಮತ್ತು 1013 ಸರಣಿಗಳು ಹೆಚ್ಚು ಸಿಗುತ್ತವೆ. ಕ್ಲಿಪ್ ನೋಡಿ. ಬಾಯೊಳಗೆ ಸಣ್ಣ ಮೊಳೆಗಳ ಹಾಸಿಗೆ ಇದ್ದರೆ ತಂತಿಯ ಹೊದಿಕೆ ಸುಲಿಯದೆ ಚುಚ್ಚಿ ಕೇಳಲು. ಒಂದು ಸ್ವಿಚ್ ಇರುತ್ತದೆ, ಒಂದು ಕಡೆ ಮಾತಾಡಲು, ಇನ್ನೊಂದು ಕಡೆ ಬರೀ ಕೇಳಲು. ಕೇಳುವ ಕಡೆ ಕೆಪಾಸಿಟರ್ ಅಡ್ಡ ಬರುವುದರಿಂದ ಲೈನಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಅವರಿಗೆ ತೊಂದರೆ ಆಗುವುದಿಲ್ಲ. ತಂತಿಗೆ ಕಚ್ಚಿಸಿ ನೋಡುವ ಆಸೆ ಇದ್ದವರು ನೆನಪಿಡಿ, ಲೈನಿನಲ್ಲಿ ಸುಮ್ನೆ ಇರುವಾಗ 48 ವೋಲ್ಟ್ ಡಿಸಿ, ರಿಂಗ್ ಆಗುವಾಗ 90 ವೋಲ್ಟ್ ಎಸಿ. ಕೈಯಲ್ಲಿ ಸುತ್ತಿ ಕರೆಂಟ್ ಹುಟ್ಟಿಸುವ ಹಳೆಯ ಮ್ಯಾಗ್ನೆಟೊ ಕೂಡ ಚೆನ್ನಾಗಿಯೇ ಶಾಕ್ ಹೊಡೆಯುತ್ತದೆ.

ಕಂಬದ ಮೇಲೆ ತಂತಿ ಕೂರಿಸುವ ಗಾಜಿನ ಇನ್ಸುಲೇಟರ್ ಎಷ್ಟೋ ಜನಕ್ಕೆ ಮೊದಲ ಮೋಹ. ಹೆಮಿಂಗ್ರೇ ಕಂಪನಿಯ 42 ನಂಬರಿನದು ಎಲ್ಲೆಲ್ಲೂ ಸಿಗುತ್ತದೆ. ಕೆಳಗಿನ ಅಂಚಿನಲ್ಲಿ ಹಲ್ಲಿನ ಹಾಗೆ ಸಣ್ಣ ಮೊನೆಗಳಿವೆ, ಮಳೆನೀರು ತೊಟ್ಟಿಕ್ಕಿ ಬೀಳಲಿ ಅಂತ. ಅದರ ಪೇಟೆಂಟ್ 1893ರ ಮೇ 2ರದು, ಎಷ್ಟೋ ಗಾಜಿನ ಮೇಲೆ ಆ ತಾರೀಖೇ ಇರುತ್ತದೆ. ಒಳಗೆ ಬೆರಳು ಹಾಕಿ ನೋಡಿ, ಸ್ಕ್ರೂ ತಿರುಪು ಇದೆಯಾ? ತಿರುಪು ಹಾಕುವ ವಿಧಾನಕ್ಕೆ ಲೂಯಿ ಕಾವೆಗೆ ಪೇಟೆಂಟ್ ಸಿಕ್ಕಿದ್ದು 1865ರಲ್ಲಿ, ಟೆಲಿಫೋನಿಗೂ ಹನ್ನೊಂದು ವರ್ಷ ಮೊದಲು. ಹಾಗಾಗಿ ತಿರುಪಿಲ್ಲದ ಅಮೆರಿಕದ ಇನ್ಸುಲೇಟರ್ ಅನ್ನು ಯಾರಾದರೂ ಟೆಲಿಫೋನಿನದು ಅಂದರೆ ನಂಬಬೇಡಿ, ಅದು ಟೆಲಿಗ್ರಾಫ್ ಕಾಲದ್ದು. ನೇರಳೆ ಬಣ್ಣದ ಬಗ್ಗೆಯೂ ಹುಷಾರು. ಮ್ಯಾಂಗನೀಸ್ ಇರುವ ಗಾಜು ಬಿಸಿಲಿಗೆ ನಿಧಾನವಾಗಿ ತಿಳಿ ನೇರಳೆಗೆ ತಿರುಗುತ್ತದೆ, ಅದು ನಿಜವೇ. ಆದರೆ ವಿಕಿರಣಕ್ಕೆ ಒಡ್ಡಿ ಕೃತಕವಾಗಿ ಗಾಢ ನೇರಳೆ ಮಾಡುವವರೂ ಇದ್ದಾರೆ. ಬಣ್ಣ ಕಣ್ಣಿಗೆ ಕುಕ್ಕುವ ಹಾಗಿದ್ದರೆ ನಾನು ಮುಟ್ಟುವುದಿಲ್ಲ.

ಕಂಬ ಹತ್ತುವ ಬೆಲ್ಟ್, ಕಾಲಿಗೆ ಕಟ್ಟುವ ಮೊನೆಕಬ್ಬಿಣ ಸಿಕ್ಕರೆ ನೋಡಿ, ಇಟ್ಟುಕೊಳ್ಳಿ, ಹಾಕಿಕೊಂಡು ಹತ್ತಬೇಡಿ. ಹಳೆಯ ಚರ್ಮ ಹೊರಗೆ ಗಟ್ಟಿ ಕಂಡರೂ ಹೊಲಿಗೆಯ ಹತ್ತಿರ ಒಳಗೇ ಪುಡಿಯಾಗಿರುತ್ತದೆ.

ಕೊನೆಗೆ, ಓದುವುದು ಹೇಗೆ ಅನ್ನುವುದನ್ನು ಮಾಡಿಯೇ ತೋರಿಸುತ್ತೇನೆ. ಹೊಸ ವಸ್ತು ಬಂದರೆ ನಾನು ಮೊದಲು ಮೆತ್ತಗಿನ ಬಣ್ಣದ ಬ್ರಷ್‌ನಲ್ಲಿ ಧೂಳು ಮಾತ್ರ ತೆಗೆಯುತ್ತೇನೆ. ಕೋಣೆ ಕತ್ತಲು ಮಾಡಿ, ಟಾರ್ಚ್ ಅನ್ನು ವಸ್ತುವಿನ ಮೈಗೆ ಅಂಟಿದ ಹಾಗೆ ಪಕ್ಕದಿಂದ ಹಿಡಿಯುತ್ತೇನೆ. ಸವೆದ ಅಕ್ಷರದ ನೆರಳು ಏಳುತ್ತದೆ. ಭೂತಗನ್ನಡಿ ಹಿಡಿದು ಬರೆದುಕೊಳ್ಳುತ್ತೇನೆ, ಫೋಟೊ ತೆಗೆಯುತ್ತೇನೆ. ಅಕ್ಷರ ಕಾಣದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಮೆಲ್ಲಗೆ ಉಜ್ಜಿ ಅಚ್ಚು ತೆಗೆಯುತ್ತೇನೆ, ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡುತ್ತಿದ್ದೆವಲ್ಲ, ಹಾಗೆ. ಇಷ್ಟೆಲ್ಲ ಆದ ಮೇಲೇ ಒಂದು ಹನಿ ಎಣ್ಣೆ, ಹಳೆಯ ಹತ್ತಿ ಬಟ್ಟೆ. ತುಕ್ಕು ಬೆಳೆಯದ ಹಾಗೆ ನಿಂತರೆ ಸಾಕು.

ಆಮೇಲೆ ಒಂದು ಚೀಟಿ ಕಟ್ಟುತ್ತೇನೆ, ಲೋಹದ ತಂತಿಯಲ್ಲಿ ಬೇಡ, ಹತ್ತಿ ದಾರದಲ್ಲಿ. ಅಚ್ಚು ಏನಿತ್ತು, ಜೊತೆಗೆ ಏನೇನು ಸಿಕ್ಕಿತು, ಕೊಟ್ಟವರು ಏನು ಹೇಳಿದರು. ಮೂರನೆಯದನ್ನು ಮಾತ್ರ ಅವತ್ತೇ ಬರೆಯಬೇಕು. ಸೀಸ ತಟ್ಟುವ ಆ ಬಡಿಗೆ ಕೊಟ್ಟವರನ್ನು, ಇದನ್ನು ಹೇಗೆ ಹಿಡಿಯುತ್ತಿದ್ದರು ಅಂತ ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ, ಕೈಗೆ ತೆಗೆದುಕೊಂಡು ಗಾಳಿಯಲ್ಲಿ ನಾಲ್ಕು ಸಾರಿ ತಟ್ಟಿ ತೋರಿಸಿದರು, ಮಣಿಕಟ್ಟು ಸಡಿಲ, ಹೆಬ್ಬೆರಳು ಹಿಡಿಯ ಮೇಲೆ ಉದ್ದಕ್ಕೆ. ಹೆಬ್ಬೆರಳು ಕೂತ ಜಾಗದಲ್ಲಿ ಮರ ಸವೆದು ಚಿಕ್ಕ ಕುಳಿ ಬಿದ್ದಿದೆ. ಚೀಟಿಯಲ್ಲಿ ಅದನ್ನು ಬರೆದಿದ್ದೇನೆ. ಮಾತು ಮುಗಿದ ಮೇಲೆ ಬನ್ನಿ, ಒಬ್ಬೊಬ್ಬರೇ ಹಿಡಿದು ನೋಡಬಹುದು, ಆಚೆ ಬಕೆಟ್‌ನಲ್ಲಿ ನೀರು, ಸೋಪು ಇಟ್ಟಿದ್ದೇನೆ.